ನೀರು ನಿಲ್ಲದ ಗಾಡಿ

ಮಾರ್ಚ್ 10, ಭಾನುವಾರ

ಎಂಟು ತಿಂಗಳಿಂದ ಸೊಸೈಟಿ ಗೇಟಿನ ಪಕ್ಕ ಬೇವಿನ ಮರದಡಿ ಧೂಳು ತಿನ್ನುತ್ತಿದ್ದ ಗಾಡಿಯನ್ನು ಇವತ್ತು ಹೊರಗೆ ತೆಗೆದೆವು. ಮಗ ನಿಹಾಲ್ ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ನಾಲ್ಕು ಬಿಟ್ಟು ಉಳಿದ ಸೀಟು ಕಿತ್ತು, ಒಲೆ, ಸಿಂಕು, ಹಾಸಿಗೆ, ಹಾಸಿಗೆಯ ಕೆಳಗೆ ನೂರು ಲೀಟರಿನ ನೀರಿನ ಟ್ಯಾಂಕು ಕೂರಿಸಿ ಅದನ್ನು ಮನೆ ಮಾಡಿದ್ದ. ಮದುವೆಯಾದ ಮೇಲೆ ನಿಶಿತಾಳನ್ನು ಕರೆದುಕೊಂಡು ಹಿಮಾಚಲದ ಸ್ಪಿತಿಗೆ ಹೋಗುವ ಆಸೆ ಅವನದು. ಮದುವೆ ಡಿಸೆಂಬರಿಗೆ ಗೊತ್ತಾಗಿತ್ತು. ಜುಲೈನಲ್ಲಿ ಪ್ರವಾಹಕ್ಕೆ ಸಿಕ್ಕ ಒಂದು ಹಳ್ಳಿಯ ಜನರನ್ನು ದಾಟಿಸಲು ಅವನ ಸೇನಾ ತುಕಡಿ ಹೋಯಿತು. ಎಲ್ಲರೂ ದಾಟಿದರು, ಅವನೊಬ್ಬ ದಾಟಲಿಲ್ಲ. ಇದನ್ನು ಒಂದು ಸಲ ಬರೆದಾಯಿತು. ಇನ್ನು ಬರೆಯುವುದಿಲ್ಲ.

ಹೋಗೋಣ ಎಂದವಳು ನಿಶಿತಾ. "ಆಂಟಿ, ಆ ಟ್ರಿಪ್ ನಾವು ಮೂರು ಜನ ಮಾಡೋಣ. ಅವನಿಗೋಸ್ಕರ. ಜುಲೈಗೆ ನಾನು ಪುಣೆಗೆ ಹೋಗ್ಬೇಕು, ಅಲ್ಲಿ ಕೆಲಸ ಸಿಕ್ಕಿದೆ. ಅಷ್ಟರೊಳಗೆ ಮುಗಿಸಿಬಿಡೋಣ."

ಮುಗಿಸಿಬಿಡೋಣ ಎನ್ನುವ ಮಾತು ನನಗೆ ಹಿಡಿಸಲಿಲ್ಲ. ಆದರೂ ಹೂಂ ಅಂದೆ. ಅವಳು ಪ್ರತಿ ಭಾನುವಾರ ಹೌಜ್ ಖಾಸ್‌ನಿಂದ ಮೆಟ್ರೋ ಹಿಡಿದು ನೋಯ್ಡಾಕ್ಕೆ ಬರುತ್ತಾಳೆ, ನನ್ನ ಕೈಯ ಪಂದಿ ಕರಿ ತಿನ್ನುತ್ತಾಳೆ, ಸಂಜೆ ಹೋಗುತ್ತಾಳೆ. ನನ್ನ ವಾರಕ್ಕೆ ಇರುವುದು ಅದೊಂದೇ ದಿನ. ಉಳಿದವು ಕ್ಯಾಲೆಂಡರಿನಲ್ಲಿ ಇವೆ, ಅಷ್ಟೆ.

ನಮ್ಮ ಯಜಮಾನರು, ಸುಬೇದಾರ್ ಮೇಜರ್ ಅಚ್ಚಯ್ಯನವರು, ರಿಟೈರಾದರೂ ಮನೆಯಲ್ಲಿ ಇನ್ನೂ ಡ್ಯೂಟಿಯಲ್ಲೇ ಇದ್ದಾರೆ. ಟ್ರಯಲ್ ಪಾಸಾಗದೆ ಗಾಡಿ ಬೆಟ್ಟ ಹತ್ತುವುದಿಲ್ಲ ಎಂದು ಆರ್ಡರ್ ಹೊರಡಿಸಿದರು. ಟ್ಯಾಂಕು ತುಂಬಿಸಿ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಜೇವರ್‌ವರೆಗೆ ಹೋಗಿ ಬಂದೆವು. ಎಂಜಿನ್ ಸರಿ, ಬ್ರೇಕು ಸರಿ. ನೀರು ಮಾತ್ರ ಅರ್ಧಕ್ಕಿಂತ ಕೆಳಗೆ. ಸಿಂಕಿನ ನಲ್ಲಿಯನ್ನು ಯಾರೂ ಮುಟ್ಟಿರಲಿಲ್ಲ.

"ಅಲ್ಲಿ ಮೇಲೆ ಹೋದರೆ ದಾರಿಯಲ್ಲಿ ದಿನಗಟ್ಟಲೆ ನಲ್ಲಿ ಸಿಗಲ್ಲ," ಅಂದರು ಇವರು. "ನೀರು ನಿಲ್ಲಿಸದೆ ನಾನು ಗಾಡಿ ಎತ್ತಲ್ಲ."

ಹಾಗಾದರೆ ಬರುವ ಭಾನುವಾರವೂ ಕೆಲಸ ಇದೆ.

ಮಾರ್ಚ್ 17

ನೀರಿನ ಹರಿವಿನ ಮೇಲೆಯೇ ಪಿಎಚ್‌ಡಿ ಮಾಡಿದವಳು ಮನೆಯಲ್ಲಿರುವಾಗ ನಾವು ಪ್ಲಂಬರನ್ನು ಹುಡುಕುತ್ತಿದ್ದೆವು! ನಿಶಿತಾ ಒಂದು ಹಳೆಯ ಚಾದರ ಹಾಸಿಕೊಂಡು ಗಾಡಿಯ ಕೆಳಗೆ ನುಸುಳಿದಳು. ಅವಳ ಕಾಲು ಮಾತ್ರ ಕಾಣುತ್ತಿತ್ತು, ಮಾತು ಕೆಳಗಿನಿಂದ ಬರುತ್ತಿತ್ತು.

"ಆಂಟಿ, ಟ್ಯಾಂಕನ್ನ ಗಲೇ ತಕ್ ತುಂಬಿಸಿದ್ದೀರಿ. ವಹೀ ಪ್ರಾಬ್ಲಮ್ ಹೈ. ಬ್ರೇಕ್ ಹಾಕಿದಾಗ ನೀರು ಉಕ್ಕಿ ಈ ಗಾಳಿ ಪೈಪಿಗೆ ಹೋಗುತ್ತೆ. ಪೈಪಿನ ಬಾಯಿ ಕೆಳಗಿದೆ ಅಲ್ವಾ? ಒಂದು ಸಲ ಹರಿಯೋಕೆ ಶುರುವಾದ್ರೆ ತಾನೇ ಎಳ್ಕೊಂಡು ಹೋಗ್ತಾ ಇರುತ್ತೆ."

"ಎಲ್ಲಿವರೆಗೆ?" ಇವರು ಬಗ್ಗಿ ಕೇಳಿದರು.

"ಪೈಪು ಗಾಳಿ ಕುಡಿಯೋವರೆಗೆ, ಅಂಕಲ್."

ಆ ಪೈಪನ್ನು ಟ್ಯಾಂಕಿಗಿಂತ ಮೇಲಕ್ಕೆತ್ತಿ, ಬಳೆಯ ಹಾಗೆ ಒಂದು ಸುತ್ತು ಹಾಕಿ ಕಟ್ಟಿದಳು. ತುದಿಗೊಂದು ಸಣ್ಣ ವಾಲ್ವ್ ಹಾಕಿದಳು. ಇನ್ನು ಮೇಲೆ ಕಂಠಮಟ್ಟ ತುಂಬಿಸಬಾರದು, ನಾಲ್ಕು ಬೆರಳು ಕಡಿಮೆ ಇರಲಿ ಅಂದಳು. ಆಮೇಲೆ ಹಿಂದಿನ ಚಕ್ರದ ಪಕ್ಕ ನನ್ನನ್ನು ಕುಕ್ಕರಗಾಲಿನಲ್ಲಿ ಕೂರಿಸಿ ಒಂದು ಕೆಂಪು ಹಿಡಿ ತೋರಿಸಿದಳು. "ಇದು ಟ್ಯಾಂಕ್ ತೊಳೆಯೋಕೆ. ತಿರುಗಿಸಿದ್ರೆ ಪೂರ್ತಿ ಖಾಲಿ. ಹೊರಡೋ ಮುಂಚೆ ಇದು ಬಂದ್ ಇದೆಯಾ ಅಂತ ನೋಡೋದು ನಿಮ್ಮ ಡ್ಯೂಟಿ, ಆಂಟಿ. ನಿಮ್ಮ ಕಣ್ಣು ತಪ್ಪಿಸಿ ಏನೂ ಹೋಗಲ್ಲ."

ಮೂವತ್ತು ವರ್ಷ ಪಿ.ಟಿ. ಟೀಚರಾಗಿ ಸೀಟಿ ಊದಿದವಳು ನಾನು. ಹೌದು, ನನ್ನ ಕಣ್ಣು ತಪ್ಪಿಸಿ ಏನೂ ಹೋಗುವುದಿಲ್ಲ.

ಸೆಕ್ಟರುಗಳ ಸುತ್ತ ಒಂದು ಸುತ್ತು ಹೊಡೆದು ಬಂದೆವು. ನೀರು ಇದ್ದಲ್ಲೇ ಇತ್ತು. ನಿಶಿತಾ ಚಪ್ಪಾಳೆ ತಟ್ಟಿದಳು. "ಮುಂದಿನ ವಾರ ಒಂದು ಲಾಂಗ್ ಟ್ರಯಲ್, ಆಮೇಲೆ ಪಕ್ಕಾ. ಮೇ ಮೊದಲ ವಾರ ಹೊರಡೋಣ." ಇವರೂ ನಕ್ಕರು. ನನಗೂ ಖುಷಿಯಾಗಬೇಕಿತ್ತು. ಬಿಸಿಲಿಗೆ ತಲೆ ನೋಯುತ್ತಿತ್ತು.

ಮಾರ್ಚ್ 24

ಸೋಹ್ನಾ ದಾಟಿ ದಮ್‌ದಮಾ ಕೆರೆಯವರೆಗೆ ಹೋದೆವು. ದಾರಿಯಲ್ಲಿ ಒಂದು ಕಡೆ ಚಹಾಕ್ಕೆ ನಿಂತೆವು, ನಾನು ಇಳಿದು ಟೈರ್ ನೋಡಿಕೊಂಡು ಬಂದೆ. ಕೆರೆಯ ಹತ್ತಿರ ನಿಶಿತಾ ಅಕ್ಕಿ ತೊಳೆಯಲು ನಲ್ಲಿ ತಿರುಗಿಸಿದರೆ ಪಂಪು ಒಣಗಂಟಲಿನಲ್ಲಿ ಕೆಮ್ಮಿತು. ಟ್ಯಾಂಕು ಪೂರ್ತಿ ಖಾಲಿ. ಹನಿಯೂ ಇಲ್ಲ.

ನಿಶಿತಾಳ ಮುಖ ನೋಡಬೇಕಿತ್ತು. ಪೈಪು ನೋಡಿದಳು, ಮುಚ್ಚಳದ ರಬ್ಬರ್ ನೋಡಿದಳು, ಕೆಂಪು ಹಿಡಿ ನೋಡಿದಳು. ಎಲ್ಲವೂ ಇರಬೇಕಾದ ಹಾಗೇ ಇದ್ದವು. "ಹೌ ಈಸ್ ದಿಸ್ ಪಾಸಿಬಲ್?" ಅಂತ ನೆಲದ ಮೇಲೆ ಕೂತುಬಿಟ್ಟಳು.

ಇನ್ನೊಂದು ವಿಷಯ. ವಾಪಸು ಬರುವಾಗ ಹಿಂದಿನ ಕಿಟಕಿಯಿಂದ ನೋಡಿದೆ. ಚಹಾಕ್ಕೆ ನಿಂತಿದ್ದ ಜಾಗದಿಂದ ಹರಿದ ನೀರಿನ ಗೆರೆ ಡಾಮರಿನ ಮೇಲೆ ಇನ್ನೂ ಒದ್ದೆಯಾಗಿ ಇತ್ತು. ಅಂಥ ಬಿಸಿಲಿನಲ್ಲಿ, ಅಷ್ಟು ಹೊತ್ತಾದ ಮೇಲೆ. ಎರಡು ನಾಯಿಗಳು ಅದನ್ನು ಮೂಸಿ, ನೆಕ್ಕದೆ, ಹಿಂದೆ ಸರಿದವು.

ಮಾರ್ಚ್ 31

ಭಂಗೇಲ್‌ನ ಮೆಕ್ಯಾನಿಕ್ ಹತ್ತಿರ ಇಡೀ ಬೆಳಿಗ್ಗೆ. ಎಲ್ಲಾ ಜಾಯಿಂಟು ಬಿಚ್ಚಿ, ಹೊಸ ವಾಷರ್ ಹಾಕಿ, ಟ್ಯಾಂಕಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿದ. ಎಲ್ಲೂ ಬರಲಿಲ್ಲ. "ಮೇಡಂ, ಅಬ್ ಏಕ್ ಬೂಂದ್ ನಹೀಂ ಗಿರೇಗೀ," ಒಂದು ಹನಿಯೂ ಬೀಳುವುದಿಲ್ಲ ಅಂದ.

ಮಾನೇಸರ್‌ವರೆಗೆ ಹೋದೆವು. ದಾರಿಯಲ್ಲಿ ಟೈರ್ ನೋಡಿದೆ. ತಲುಪುವಷ್ಟರಲ್ಲಿ ಟ್ಯಾಂಕು ಖಾಲಿ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಎಂದು ಇವರು ಸ್ಟಿಯರಿಂಗ್ ಗುದ್ದಿದರು.

ನಿಶಿತಾಳಿಗೆ ಬೇಸರವಾಗಿತ್ತು. ಸಮಾಧಾನಕ್ಕೆ ಅವಳ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದೆ. ಇಲ್ಲಿಯೇ ಮಲಗು ಎಂದರೆ ಕೇಳಲಿಲ್ಲ, ಹೋದಳು.

ಏಪ್ರಿಲ್ 7

ಮತ್ತೆ ಖಾಲಿ. ನನ್ನ ಸಲ್ವಾರಿನ ಮೊಣಕಾಲಿನ ಮೇಲೆ ಕೆಸರು, ಎಲ್ಲಿಂದ ಬಂತೋ. ಮಳೆ ಬಂದು ಯಾವ ಕಾಲವಾಯಿತು!

ಏಪ್ರಿಲ್ 14

ಟ್ಯಾಂಕು ಖಾಲಿಯಾದ ಮೇಲೆ ಅಡುಗೆಗೆ ನೀರು ಬೇಕಲ್ಲ. ಪಲ್ವಲ್ ಕಡೆಯ ಒಂದು ಢಾಬಾದ ಹಿಂದೆ ಒಂದು ಕೈಪಂಪು ಇತ್ತು. ನಿಶಿತಾ ಸ್ಟೀಲಿನ ಕೊಡ ತೆಗೆದುಕೊಂಡು ಹೋದಳು. ಸೊಂಟದ ಮೇಲೆ ಇಟ್ಟುಕೊಳ್ಳಲು ಬಾರದೆ, ಎರಡೂ ಕೈಯಲ್ಲಿ ಎತ್ತಿ ತಲೆಯ ಮೇಲೆ ಇಟ್ಟುಕೊಂಡು ಬಂದಳು. ದೆಹಲಿಯಲ್ಲಿ ಬೆಳೆದ ಹುಡುಗಿ! ದುಪಟ್ಟಾ ತಲೆಗೆ ಸುತ್ತಿದ್ದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಒಂದೊಂದೇ ಹೆಜ್ಜೆ.

ನಾನು ನೋಡುತ್ತಾ ನಿಂತುಬಿಟ್ಟೆ. ನಮ್ಮ ಕೊಡವರ ಮದುವೆಯಲ್ಲಿ ಕೊನೆಯ ಶಾಸ್ತ್ರ ಇದೇ. ಮದುಮಗಳು ಬಾವಿಗೆ ಪೂಜೆ ಮಾಡಿ, ನೀರು ಸೇದಿ, ಕೊಡ ತಲೆಯ ಮೇಲಿಟ್ಟುಕೊಂಡು ಗಂಡನ ಮನೆಯ ಅಡುಗೆಮನೆಗೆ ತರಬೇಕು. ಗಂಡಿನ ಕಡೆಯವರು ವಾಲಗದ ತಾಳಕ್ಕೆ ಕುಣಿಯುತ್ತಾ ಅವಳ ದಾರಿಗೆ ಅಡ್ಡ ನಿಲ್ಲುತ್ತಾರೆ. ಗಂಟೆಗಟ್ಟಲೆ ಬಿಡುವುದಿಲ್ಲ. ನನ್ನನ್ನು ಇವರ ತಮ್ಮಂದಿರು ಕತ್ತು ಮುರಿಯುವವರೆಗೆ ನಿಲ್ಲಿಸಿದ್ದರು, ನಾನೂ ಮಣಿಯಲಿಲ್ಲ. ನೀರು ಒಳಗೆ ಬಂದ ಮೇಲೆಯೇ ಸೊಸೆ ಮನೆಯವಳು. ನಮ್ಮ ಮನೆಗೆ ಆ ನೀರು ಬರಲೇ ಇಲ್ಲ.

ಸುಮ್ಮನೆ ತಮಾಷೆಗೆ ನಾನು ಅವಳ ಮುಂದೆ ಹೋಗಿ ಎರಡು ಹೆಜ್ಜೆ ಹಾಕಿದೆ. ಅವಳಿಗೆ ನಗು. "ಆಂಟಿ, ಚಲೋ ಹಟೋ, ಭಾರ ಇದೆ!" ಎಷ್ಟು ಚೆನ್ನಾಗಿ ನಕ್ಕಳು!

ನಾನು ಪಕ್ಕಕ್ಕೆ ಸರಿದ ಮೇಲೂ ಒಂದು ಗಳಿಗೆ ಅವಳು ಅಲ್ಲೇ ನಿಂತಿದ್ದಳು. ಯಾಕೆ ಅಂದೆ. "ಪತಾ ನಹೀಂ," ಅಂದಳು. ಅವಳ ನಗು ನಿಂತಿತ್ತು.

ಏಪ್ರಿಲ್ 21

ಹಾಡಹಗಲು ದಾದ್ರಿಯ ಹತ್ತಿರ ಮದುವೆಯ ಬಾರಾತ್ ರಸ್ತೆಗೆ ಅಡ್ಡ. ಕುದುರೆ ಇತ್ತು, ಬ್ಯಾಂಡ್ ಇತ್ತು. ಕುದುರೆಯ ಮೇಲೆ ವರನಿರಲಿಲ್ಲ. ಹಿಂದೆ ಕಾರಿನಲ್ಲಿ ಬರುತ್ತಿರಬೇಕು, ಬಿಸಿಲಲ್ಲವೇ ಎಂದರು ಇವರು. ಗಂಡಸರು ಕೈ ಎತ್ತಿ ನಮ್ಮ ಗಾಡಿಯ ಮೂತಿಗೆ ಮುಖ ಕೊಟ್ಟು ಕುಣಿದರು. ಇವರು ಹಾರ್ನ್ ಹೊಡೆದರೂ ಸರಿಯಲಿಲ್ಲ. ಅದನ್ನು ದಾಟಿ ಮುಂದೆ ಹೋದರೆ ರಸ್ತೆಯ ಮಧ್ಯೆ ಒಂದು ನೀಲ್‌ಗಾಯ್. ನಮ್ಮ ಕಡೆ ತಿರುಗಿ ನಿಂತು, ಒಂದು ಕಾಲು ಎತ್ತಿ ಇಳಿಸಿ, ಎತ್ತಿ ಇಳಿಸಿ. ನಿಶಿತಾ ಹಿಂದಿನ ಸೀಟಿನಲ್ಲಿ ಮುದುಡಿಕೊಂಡು, "ಅಂಕಲ್, ವಾಪಸ್ ಚಲೇಂ?" ಅಂದಳು.

ನನಗೆ ಹೆದರಿಕೆ ಏನೂ ಆಗಲಿಲ್ಲ. ಒಂದು ಥರ ನಮ್ಮ ಕಡೆಯವರೇ ಅನ್ನಿಸಿತು.

ಟ್ಯಾಂಕು ಖಾಲಿ. ಅದನ್ನು ಬರೆಯಲೇಬೇಕಿಲ್ಲ.

ಏಪ್ರಿಲ್ 28

ಇವತ್ತು ಊಟದ ಹೊತ್ತಿಗೆ ನಿಶಿತಾ ತಟ್ಟೆಯ ಅಂಚಿನಲ್ಲಿ ಬೆರಳು ಆಡಿಸುತ್ತಾ ಹೇಳಿದಳು. "ಆಂಟಿ, ಪುಣೆಯಲ್ಲಿ ಸುಹಾಸ್ ಅಂತ ಒಬ್ಬರಿದ್ದಾರೆ. ಅದೇ ಇನ್‌ಸ್ಟಿಟ್ಯೂಟ್. ಒಳ್ಳೆಯವರು. ಅಭೀ ಕುಛ್ ಪಕ್ಕಾ ನಹೀಂ. ಆದ್ರೆ ಬೇರೆಯವರಿಂದ ನಿಮಗೆ ಗೊತ್ತಾಗಬಾರದು ಅಂತ..."

ಇವರು ಅವಳ ತಲೆಯ ಮೇಲೆ ಕೈ ಇಟ್ಟರು. "ಒಳ್ಳೇದಾಗಲಿ ಮಗಳೇ. ಅವನೂ ಇದನ್ನೇ ಬಯಸ್ತಿದ್ದ."

ಇವರಿಗೆ ಏನು ಗೊತ್ತು ಅವನು ಏನು ಬಯಸುತ್ತಾನೆಂದು? ನಾನು ಎದ್ದು ಪಾತ್ರೆ ತೊಳೆದೆ. ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ. ಅವಳು ಬೇರೆ ಮನೆಗೆ ಹೋದರೆ ನಿಹಾಲ್ ಎನ್ನುವ ಹೆಸರನ್ನು ಈ ಮನೆಯಲ್ಲಿ ನಾವಿಬ್ಬರು ಮುದುಕರು ಒಬ್ಬರ ಮುಖ ಒಬ್ಬರು ನೋಡುತ್ತಾ ಹೇಳಿಕೊಳ್ಳಬೇಕು. ಸ್ವಲ್ಪ ದಿನಕ್ಕೆ ಅದನ್ನೂ ಬಿಡುತ್ತೇವೆ.

ಅವಳು ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಹುಡುಕಿದಳು. ಒಂದು ಚಪ್ಪಲಿ ಮಂಚದ ಕೆಳಗೆ ಸಿಕ್ಕಿತು. ಒದ್ದೆಯಾಗಿತ್ತು.

ಮೇ 5

ಖಾಲಿ. ಸೊಸೆ ನಾಲ್ಕು ಕೊಡ ತಂದಳು. ನಿಹಾಲ್‌ಗೆ ಸಾಕಾಗಲಿಲ್ಲ.

ಮೇ 12

ಟ್ರಂಕಿನಿಂದ ಕೆಂಪು ಸೀರೆ ತೆಗೆದೆ. ಮದುವೆಗೆಂದು ತಂದಿಟ್ಟದ್ದು. ನಿಶಿತಾಳಿಗೆ ನಮ್ಮ ರೀತಿಯಲ್ಲಿ, ನೆರಿಗೆ ಹಿಂದಕ್ಕೆ ಮಾಡಿ ಉಡಿಸಿ ನೋಡಿದೆ. ಎತ್ತರ ಸರಿಯಾಗಿದೆ. ಅವಳು ಕನ್ನಡಿ ನೋಡಿ ಅತ್ತಳು. ನನಗೆ ಬೇಸರವಾಗಬಾರದೆಂದಷ್ಟೇ ಅವಳು ಉಟ್ಟದ್ದು ಎಂದು ಇವರು ಆಮೇಲೆ ಗದರಿದರು. "ಆ ಮಗುವಿಗೆ ಯಾಕೆ ಹಿಂಸೆ ಕೊಡ್ತೀಯ?"

ಹಿಂಸೆ ಎಲ್ಲಿ ಬಂತು? ಸೀರೆ ಉಡಿಸುವುದು ಹಿಂಸೆಯೇ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನಗೆ ನನ್ನ ಕಾಲ ಬರಲೇ ಇಲ್ಲ.

ಗಾಡಿಯಲ್ಲಿ ನಾಲ್ಕನೆಯ ಸೀಟಿನ ಬೆಲ್ಟ್ ಹಾಕಿಕೊಂಡಿತ್ತು. ಅಲ್ಲಿ ಯಾರೂ ಕೂರುವುದಿಲ್ಲ ಎಂದು ಇವರು ಬಿಚ್ಚಿದರು. ವಾಪಸು ಬರುವಾಗ ಮತ್ತೆ ಹಾಕಿತ್ತು. ಆ ಸೀಟಿಗೆ ಟವೆಲ್ ಹಾಸಿದ್ದು ನಾನು. ಒದ್ದೆಯಾಗುತ್ತದಲ್ಲ.

ಮೇ 19

ಇವತ್ತು ನಾವಿಬ್ಬರೇ ಹೋಗಿದ್ದೆವು, ನಿಶಿತಾ ತೌರಿನಲ್ಲಿ. ವಾಪಸು ಬಂದು ಬೇವಿನ ಮರದಡಿ ಗಾಡಿ ನಿಲ್ಲಿಸಿ ಇವರು ಇಳಿಯಲಿಲ್ಲ. ಸ್ಟಿಯರಿಂಗ್ ಮೇಲೆ ಕೈ ಇಟ್ಟುಕೊಂಡೇ ಕೂತರು.

"ಬೊಳ್ಳಮ್ಮಾ, ಟೋಲ್ ದಾಟಿ ನಿಂತಾಗ ನೀನು ಹಿಂದಿನ ಚಕ್ರದ ಹತ್ತಿರ ಕೂತು ಕೆಂಪು ಹಿಡಿ ತಿರುಗಿಸಿದೆ. ನೀರು ಸುರಿದು ಮುಗಿಯೋವರೆಗೆ ಅಲ್ಲೇ ಕೂತಿದ್ದು, ಮತ್ತೆ ಮುಚ್ಚಿ ಎದ್ದು ಬಂದೆ. ನಾನು ನೋಡಿದೆ."

"ಟೈರ್ ನೋಡ್ತಿದ್ದೆ."

"ಪ್ರತಿ ಸಲ ನೀನೇ. ಹೋದ ವಾರವೂ ನೋಡಿದೆ, ನಂಬೋಕೆ ಆಗಲಿಲ್ಲ." ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. "ಟ್ಯಾಂಕ್ ಸರಿಹೋದ್ರೆ ಟ್ರಿಪ್ ಆಗುತ್ತೆ. ಟ್ರಿಪ್ ಆದ್ರೆ ಅವಳು ಹೋಗ್ತಾಳೆ. ನನಗೆ ಅರ್ಥ ಆಗಲ್ವಾ? ಅವಳು ಹೋದ್ರೆ ನನಗೂ ಮನೆ ಖಾಲಿ. ಆದ್ರೂ ಬಿಡಬೇಕು."

ನನಗೆ ನೆನಪಿಲ್ಲ. ದೇವರಾಣೆ ನೆನಪಿಲ್ಲ. ಕೂತದ್ದು ನೆನಪಿದೆ. ಆ ಹಿಡಿ ತಣ್ಣಗಿದ್ದದ್ದು ನೆನಪಿದೆ. ಮೇ ತಿಂಗಳ ಬಿಸಿಲಿನಲ್ಲಿ ಬಾಗಿಲು ಮುಟ್ಟಿದರೆ ಕೈ ಸುಡುತ್ತದೆ, ಆ ಕಬ್ಬಿಣ ಮಾತ್ರ ಹೊಳೆಯ ಕಲ್ಲಿನ ಹಾಗೆ ತಣ್ಣಗೆ. ಅದನ್ನು ತಿರುಗಿಸಲು ನನಗೆ ಬಲವೇ ಬೇಕಾಗಲಿಲ್ಲ. ನನ್ನ ಕೈಯ ಮೇಲೆ ಇನ್ನೊಂದು ಕೈ ಇತ್ತು.

ಇದನ್ನು ಇವರಿಗೆ ಹೇಳಲಿಲ್ಲ. ಹೇಳಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ.

ಮೇ 20

ಇವರು ಕೆಂಪು ಹಿಡಿಯನ್ನು ಕಿತ್ತು, ಅಲ್ಲಿ ಒಂದು ಕಬ್ಬಿಣದ ಬಿರಡೆ ಬಿಗಿದರು. ಪಾನಾ ಇಲ್ಲದೆ ತೆಗೆಯಲಾಗುವುದಿಲ್ಲ. ಪಾನಾ ಇವರ ಜೇಬಿನಲ್ಲಿ. ನಿಶಿತಾಳಿಗೆ ಏನೂ ಹೇಳಲಿಲ್ಲವಂತೆ. ಮಾನ ಉಳಿಸಿದ್ದಾರೆ.

ಮೇ 26

ಪಾಸ್. ಆಗ್ರಾದ ಕಡೆ ಅಷ್ಟು ದೂರ ಹೋಗಿ ಬಂದರೂ ನಾಲ್ಕು ಬೆರಳು ಕಡಿಮೆ ಇದ್ದದ್ದು ನಾಲ್ಕು ಬೆರಳೇ ಕಡಿಮೆ ಇದೆ. ನಿಶಿತಾ ಇವರನ್ನು ತಬ್ಬಿಕೊಂಡಳು. ಬರುವ ಭಾನುವಾರ ಹೊರಡುವುದು, ಸ್ಪಿತಿಗೆ.

ತುಂಬಿದ ಟ್ಯಾಂಕು ಗಾಡಿ ಓಡುವಾಗ ಕುಲುಕಬೇಕು. ಇದು ಕುಲುಕುವುದಿಲ್ಲ. ಹಾಸಿಗೆಯ ಮೇಲೆ ಕಿವಿಯಿಟ್ಟು ಕೇಳಿದೆ. ನೀರು ಉಸಿರು ಹಿಡಿದುಕೊಂಡಿದೆ. ನಿಹಾಲ್ ಕೋಪದಲ್ಲಿದ್ದಾನೆ.

ಜೂನ್ 2

ಎಲ್ಲವನ್ನೂ ಬರೆಯುತ್ತೇನೆ.

ಬೆಳಿಗ್ಗೆ ಹೊರಟೆವು. ಸೋನಿಪತ್ ದಾಟಿ, ಮುಚ್ಚಿಹೋದ ಒಂದು ಢಾಬಾದ ಅಂಗಳದಲ್ಲಿ ನಿಲ್ಲಿಸಲು ಹೇಳಿದೆ. ಗೋಡೆಯ ಪಕ್ಕ ಕೈಪಂಪು ಇತ್ತು. ಇವರು ಸ್ವಲ್ಪ ದೂರದ ಅಂಗಡಿಗೆ ಐಸ್ ತರಲು ನಡೆದರು. ನಾನು ಚೀಲದಿಂದ ಕೆಂಪು ಸೀರೆ, ಕೊಡ ತೆಗೆದೆ.

"ಒಂದೇ ಒಂದು ಸಲ, ಮಗಳೇ. ಹೊರಡುವ ಮುಂಚೆ ಗಾಡಿಗೆ ನಿನ್ನ ಕೈಯಿಂದ ನೀರು ಬರಲಿ. ನನಗೆ ಸಮಾಧಾನ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ, "ಅಚ್ಛಾ ಆಂಟಿ," ಎಂದು ಗಾಡಿಯೊಳಗೆ ಹೋಗಿ ಸೀರೆ ಉಟ್ಟು ಬಂದಳು. ನೀರು ತುಂಬಿದಳು. ಕೊಡ ತಲೆಯ ಮೇಲಿಟ್ಟುಕೊಂಡಳು. ಕೈಪಂಪಿನಿಂದ ಗಾಡಿಯ ಬಾಗಿಲಿಗೆ ಅಂಗಳದಷ್ಟೇ ದೂರ.

ನಾನು ಫೋನಿನಲ್ಲಿ ವಾಲಗ ಹಾಕಿದೆ. ಅವಳ ಮುಂದೆ ನಿಂತು ಕುಣಿದೆ.

ಮೊದಲು ಅವಳು ನಕ್ಕಳು. ನಿಹಾಲ್ ಜೊತೆ ನಮ್ಮ ಕಡೆಯ ಎಷ್ಟೋ ಮದುವೆ ನೋಡಿದವಳು, ಹೇಗೆ ನಿಲ್ಲಬೇಕೆಂದು ಅವಳಿಗೆ ಗೊತ್ತು. ನಾನು ಎಡಕ್ಕೆ ಸರಿದರೆ ಬಲಕ್ಕೆ ಹೆಜ್ಜೆ ಇಡಲು ನೋಡುವಳು, ನಾನು ಬಲಕ್ಕೆ ಬರುವೆ. ನನ್ನ ಕಾಲಿಗೆ ಇಪ್ಪತ್ತು ವರ್ಷ ಬಂದಿತ್ತು. ಆಕಾಶ ಹಳದಿಯಾಯಿತು, ಹೊಲದ ಕಡೆಯಿಂದ ಆಂಧಿ ಎದ್ದು ಧೂಳು ಅಂಗಳಕ್ಕೆ ನುಗ್ಗಿತು. ಫೋನು ಯಾವಾಗಲೋ ಆಫ್ ಆಗಿತ್ತು. ವಾಲಗ ನಿಲ್ಲಲಿಲ್ಲ.

ನನ್ನ ಎಡಕ್ಕೆ, ಬಲಕ್ಕೆ ಜನ ಇದ್ದರು. ಮುಖ ಎತ್ತಿ ನೋಡಲಿಲ್ಲ. ಕುಣಿಯುವಾಗ ನೋಡುವುದು ಕಾಲನ್ನು. ನಮ್ಮ ಗಂಡಸರು ಮದುವೆಗೆ ತೊಡುವ ಕರಿ ಕುಪ್ಯದ ಅಂಚುಗಳು ಕಾಣುತ್ತಿದ್ದವು, ಅವುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಪಕ್ಕದಲ್ಲೇ ಒಂದು ಜೊತೆ ಬರಿಗಾಲು, ಹೆಬ್ಬೆರಳ ಪಕ್ಕದ ಬೆರಳು ಉದ್ದ, ಹುಟ್ಟಿದ ದಿನ ನಾನೇ ಎಣಿಸಿದ ಬೆರಳು. ಅವು ಎತ್ತಿದಲ್ಲೆಲ್ಲ ಧೂಳಿನ ಮೇಲೆ ಒದ್ದೆ ಗುರುತು. ನನಗೆ ಎಷ್ಟು ಸಂತೋಷವಾಗಿತ್ತು ಎಂದರೆ ಕೂಗಬೇಕು ಅನ್ನಿಸಿತು.

"ಆಂಟಿ, ಸಾಕು."

ಕುಣಿದೆ.

"ಆಂಟಿ, ಕತ್ತು ನೋಯ್ತಿದೆ. ಪ್ಲೀಸ್. ಕೆಳಗೆ ಇಡ್ತೀನಿ."

"ಇಡಬಾರದು!" ಅಂದೆ. ಸ್ಕೂಲಿನ ಮೈದಾನದಲ್ಲಿ ಕೂಗುತ್ತಿದ್ದ ದನಿಯಲ್ಲಿ ಅಂದೆ. ಅವಳು ಇಡಲಿಲ್ಲ.

ಎಷ್ಟು ಹೊತ್ತೋ. ಇವರು ಓಡಿ ಬಂದು ನನ್ನ ಎರಡೂ ರಟ್ಟೆ ಹಿಡಿದರು. "ಬೊಳ್ಳಮ್ಮಾ! ಅವಳನ್ನ ನೋಡು. ಒಂದು ಸಲ ನೋಡು."

ಆಗ ಮುಖ ಎತ್ತಿದೆ. ನಿಶಿತಾಳ ತುಟಿ ಒಡೆದು ರಕ್ತ ಬಂದಿತ್ತು. ಬೆವರು ಹರಿದು ಹರಿದು ನಿಂತುಹೋಗಿ ಕೆನ್ನೆಯ ಮೇಲೆ ಧೂಳು ಗಟ್ಟಿಯಾಗಿತ್ತು. ಕಣ್ಣು ನನ್ನ ಮೇಲಿರಲಿಲ್ಲ. ತಲೆಯ ಮೇಲೆ ಒಂದು ಕೊಡ ನೀರು ಹೊತ್ತುಕೊಂಡು ಬಾಯಾರಿ ನಿಂತಿದ್ದಳು ಹುಡುಗಿ. ಯಾರದೋ ಮಗಳು. ಅವಳ ತಾಯಿ ಬೆಳಿಗ್ಗೆ ಫೋನ್ ಮಾಡಿ, "ನಿಮ್ಮ ಜೊತೆ ಇದ್ದಾಳೆ ಅಂದರೆ ನನಗೆ ಚಿಂತೆ ಇಲ್ಲ" ಅಂದಿದ್ದರು. ಅಯ್ಯೋ, ನಾನು ಏನು ಮಾಡುತ್ತಿದ್ದೇನೆ ಅನ್ನಿಸಿತು.

ಪಕ್ಕಕ್ಕೆ ಸರಿದೆ. "ಬಾ ಮಗಳೇ. ಬಂದುಬಿಡು."

ಅವಳು ಹೆಜ್ಜೆ ಎತ್ತಿದಳು. ಇಡಲಾಗಲಿಲ್ಲ. ಎದೆಗೆ ಏನೋ ತಗುಲಿದ ಹಾಗೆ ಹಿಂದಕ್ಕೆ ವಾಲಿದಳು, ಕೊಡದ ನೀರು ತುಳುಕಿ ಅವಳ ಹಣೆಯ ಮೇಲೆ ಸುರಿಯಿತು.

"ಅಂಕಲ್," ಅಂದಳು, ಗಂಟಲೇ ಇರಲಿಲ್ಲ, "ಇಲ್ಲಿ ಯಾರೋ ನಿಂತಿದ್ದಾರೆ."

"ಯಾರೂ ಇಲ್ಲ ಮಗಳೇ, ಬಾ," ಎಂದು ಇವರು ಕೈ ಚಾಚಿದರು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಅಂಗೈ ನೋಡಿಕೊಂಡರು. ಒದ್ದೆಯಾಗಿತ್ತು.

ನಾನು ಬಿಟ್ಟಿದ್ದೆ. ಅವನು ಬಿಟ್ಟಿರಲಿಲ್ಲ.

ಹತ್ತು ತಿಂಗಳಲ್ಲಿ ನಾನು ಅವನಿಗೆ ಬಾ ಎಂದದ್ದೇ ಹೆಚ್ಚು. ಹೋಗು ಅಂತ ಒಂದು ಸಲವೂ ಹೇಳಿರಲಿಲ್ಲ. ಚಿತೆಯ ಹತ್ತಿರವೂ ಹೇಳಿರಲಿಲ್ಲ. ಧೂಳಿನಲ್ಲಿ ಕಣ್ಣು ಬಿಡಲಾಗುತ್ತಿರಲಿಲ್ಲ. ಅಂದಾಜಿನಲ್ಲಿ ಅವನ ಭುಜ ಇರುವ ಎತ್ತರಕ್ಕೆ ಕೈ ಎತ್ತಿದೆ.

"ನಿಹಾಲ್," ಅಂದೆ. "ದಾರಿ ಬಿಡು ಮಗನೇ. ಅವಳಿಗೆ ಬಾಯಾರಿದೆ."

ವಾಲಗ ನಿಂತಿತು.

ನಿಶಿತಾ ಮುಗ್ಗರಿಸಿ ಮುಂದೆ ಬಂದಳು. ಇವರು ಕೊಡ ಹಿಡಿದುಕೊಂಡರು. ಅವಳು ನೆಲದ ಮೇಲೆ ಕೂತು, ಕೊಡದ ಕಂಠಕ್ಕೇ ಬಾಯಿ ಹಚ್ಚಿ, ಉಸಿರು ತೆಗೆದುಕೊಳ್ಳದೆ ಕುಡಿದಳು. ಕೆಂಪು ಸೀರೆ ಪೂರ್ತಿ ನೆನೆಯಿತು. ನಾನು ಅವಳ ಬೆನ್ನು ಸವರಲು ಕೈ ಮುಂದೆ ಮಾಡಿದೆ. ಅವಳು ಬೆಚ್ಚಿ ಸರಿದಳು. ಸರಿಯಾಗಿಯೇ ಮಾಡಿದಳು.

ಗಾಡಿ ಅಲ್ಲಿಂದಲೇ ತಿರುಗಿಸಿದೆವು.

ಜೂನ್ 9

ನಿಶಿತಾ ಬರಲಿಲ್ಲ. ಬಾ ಎಂದು ನಾನು ಫೋನ್ ಮಾಡಲಿಲ್ಲ.

ಜೂನ್ 12

ಗಾಡಿಯನ್ನು ಕಾಡು ಮೇಡು ಸುತ್ತುವ ಒಬ್ಬ ಸರ್ದಾರ್‌ಜಿಗೆ ಕೊಟ್ಟರು. ಟ್ಯಾಂಕು ಹೇಗಿದೆ ಅಂತ ಅವರು ಕೇಳಿದರು. "ಒಂದು ಹನಿ ಹೋಗಲ್ಲ," ಅಂದರು ಇವರು.

ಜೂನ್ 28

ನಿಶಿತಾ ತಾನೇ ಫೋನ್ ಮಾಡಿ ರೈಲಿನ ಹೊತ್ತು ಹೇಳಿದಳು. "ಬರ್ತೀರಾ ಆಂಟಿ?" ಎಂದು ಕೇಳಿದಳು. ಕೇಳುವ ಅಗತ್ಯ ಅವಳಿಗಿರಲಿಲ್ಲ. ದೊಡ್ಡ ಮನಸ್ಸು.

ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಬೆಳಗಿನ ಮಳೆಯ ನೀರು ಪ್ಲಾಟ್‌ಫಾರ್ಮಿನ ತನಕ ಬಂದಿತ್ತು. ಅವಳ ತಂದೆ ತಾಯಿ ಬೋಗಿಯೊಳಗೆ ಸಾಮಾನು ಜೋಡಿಸುತ್ತಿದ್ದರು. ಅವಳು ಇಳಿದು ಬಂದು ನನ್ನ ಕಾಲು ಮುಟ್ಟಿದಳು. ಎತ್ತಿ ಹಿಡಿದು ಹೇಳಿದೆ, "ಅವತ್ತಿನದಕ್ಕೆ ಕ್ಷಮೆ ಕೇಳೋಕೂ ನನಗೆ ಮುಖ ಇಲ್ಲ."

"ನನಗೂ ಅವನನ್ನ ಬಿಡೋಕೆ ಆಗ್ತಿರಲಿಲ್ಲ, ಆಂಟಿ," ಅಂದಳು. "ನೀವು ಹೇಳಿದ ಮೇಲೆ ಆಯ್ತು."

"ಸುಹಾಸ್‌ಗೆ ಪಂದಿ ಕರಿ ತಿನ್ನೋಕೆ ಬರುತ್ತಾ?"

"ವೋ ತೋ ವೆಜಿಟೇರಿಯನ್ ಹೈ."

"ಆಯ್ತು, ಬಿದಿರು ಕಳಲೆ ಮಾಡಿ ಕಳಿಸ್ತೀನಿ."

ನಕ್ಕಳು. ಹತ್ತಿದಳು. ಮನಸ್ಸು ಹಗುರವಾಯಿತು, ನಿಜವಾಗಿಯೂ ಹಗುರವಾಯಿತು. ಇವರು ಹೇಳುತ್ತಾರೆ ನಾನು ಮೊದಲಿನ ಹಾಗಾಗಿದ್ದೇನಂತೆ. ನನಗೂ ಹಾಗೇ ಅನ್ನಿಸುತ್ತದೆ.

ರೈಲು ಹೊರಟಿತು. ಅವಳು ಬಾಗಿಲಲ್ಲಿ ನಿಂತು ಕೈ ಬೀಸಿದಳು. ಇವರು ಕರವಸ್ತ್ರ ತೆಗೆದು ಬೀಸಿದರು. ನನಗೆ ಬೀಸಲಾಗಲಿಲ್ಲ, ನನ್ನ ಎರಡೂ ಕೈಗೆ ಬಿಡುವಿರಲಿಲ್ಲ. ನಿಹಾಲ್‌ನನ್ನು ಹಿಡಿದುಕೊಂಡಿದ್ದೆ.